ಧರ್ಮದ ದಟ್ಟಿಯೂ ಮೊಳದ ಲೆಕ್ಕವೂ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಪುಕ್ಕಟೆಯಾಗಿ ದೊರೆತ ಬಟ್ಟೆಯನ್ನು ಉಡುವುದಕ್ಕೆ ಮೊದಲೇ ಅದು ಎಷ್ಟು ಮೊಳ ಕಡಮೆಯಾಯಿತೆಂದು ಅಳೆದು ನೋಡುವ ಮನುಷ್ಯಸ್ವಭಾವವನ್ನು ನಮ್ಮ ಹಿರಿಯರು ಹೀಗೆ ನಗುತ್ತಲೇ ತಿದ್ದಿದರು. ಅವರು ಈಗ ಬಂದು ನೋಡಿದ್ದಾದರೆ, ದಟ್ಟಿಯ ಸ್ಥಾನದಲ್ಲಿ ತಂತ್ರಾಂಶವೂ ಹಿತ್ತಲಿನ ಸ್ಥಾನದಲ್ಲಿ ಅಂತರ್ಜಾಲವೂ ಬಂದಿರುವುದನ್ನು ಕಂಡು, ಗಾದೆಯನ್ನು ಬದಲಾಯಿಸುವ ಅಗತ್ಯವಿಲ್ಲವೆಂದು ಸಮಾಧಾನಪಡುತ್ತಿದ್ದರು. ಈ ಹೊಸ ದಟ್ಟಿಯನ್ನು ನೇಯುವವರಾರು, ಅದಕ್ಕೆ ಮೊಳ ಹಾಕುವ ನಮ್ಮ ನಡತೆಯಿಂದ ಯಾವ ಕೇಡು ಒದಗಬಹುದು ಎಂಬುದನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ವಿವರಿಸುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಮೊದಲು ಶಬ್ದದ ಅರ್ಥವನ್ನು ನೋಡೋಣ. ಗಣಕಯಂತ್ರವಾಗಲಿ, ಕೈಯಲ್ಲಿ ಹಿಡಿಯುವ ಮೊಬೈಲ್ ಫೋನಾಗಲಿ ತಾನಾಗಿ ಏನನ್ನೂ ಅರಿಯದು. ಅದು ಮಾಡತಕ್ಕ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಹೊಸದೊಂದು ತಂತ್ರಾಂಶವನ್ನು ಕಟ್ಟುವವರು ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಸಾರು ಮಾಡುವ ಗೃಹಿಣಿಯು ಉಪ್ಪಿಗಾಗಿ ಸಮುದ್ರತೀರಕ್ಕೆ ಹೋಗುವುದಿಲ್ಲ, ಮೆಣಸಿಗಾಗಿ ಗುಡ್ಡ ಹತ್ತುವುದಿಲ್ಲ. ಅದರಂತೆಯೇ ಇವರೂ ಇತರರು ಮೊದಲೇ ಬರೆದಿಟ್ಟ ಸಾವಿರಾರು ಸಣ್ಣ ಸಣ್ಣ ತುಣುಕುಗಳನ್ನು ತಂದು ಕೂಡಿಸಿಕೊಳ್ಳುತ್ತಾರೆ. ಆ ತುಣುಕುಗಳಲ್ಲಿ ಬಹುಭಾಗ ಮುಕ್ತ ತಂತ್ರಾಂಶವೆನಿಸಿಕೊಂಡವು. ಅಂದರೆ, ಯಾರು ಬೇಕಾದರೂ ಓದಿ ನೋಡಿ, ಬಳಸಿ, ತಿದ್ದಿಕೊಳ್ಳಬಹುದೆಂದು ಬರೆದವರೇ ಲೋಕಕ್ಕೆ ಬಿಟ್ಟುಕೊಟ್ಟವು. ಕೆಲವನ್ನು ಸಂಬಳ ಪಡೆಯುವವರು ನೋಡಿಕೊಳ್ಳುತ್ತಾರೆ. ಎಷ್ಟೋ ತುಣುಕುಗಳನ್ನಾದರೋ ಹಗಲಿನ ಉದ್ಯೋಗ ಮುಗಿಸಿ ಮನೆಗೆ ಬಂದವರು ರಾತ್ರಿ ನಿದ್ದೆಗೆಟ್ಟು ಸಲಹುತ್ತಾರೆ. ಬ್ಯಾಂಕುಗಳೂ ಸರಕಾರಗಳೂ ಕೋಟ್ಯಧಿಪತಿಗಳ ಸಂಸ್ಥೆಗಳೂ ಈ ನಿದ್ದೆಗೆಟ್ಟವರ ಮೇಲೆ ಭಾರ ಹಾಕಿ ಸುಖವಾಗಿ ನಿದ್ರಿಸುತ್ತವೆ.

ಈ ಏರ್ಪಾಡು ಎಷ್ಟು ಸೂಕ್ಷ್ಮವಾದುದೆಂಬುದು 2016ನೆಯ ಇಸವಿಯ ಮಾರ್ಚ್ ತಿಂಗಳ 22ನೆಯ ತಾರೀಖಿನಂದು ಲೋಕಕ್ಕೆ ತಿಳಿಯಿತು. ಅಜೆರ್ ಕೊಚುಲು ಎಂಬವರು ತಮ್ಮ ಬರಹಗಳನ್ನು ಎನ್‌ಪಿಎಂ ಎಂಬ ಸಾರ್ವಜನಿಕ ಉಗ್ರಾಣದಲ್ಲಿ ಇಟ್ಟಿದ್ದರು. ಅವುಗಳಲ್ಲಿ ಒಂದಕ್ಕೆ ಕಿಕ್ ಎಂದು ಹೆಸರು. ಅದೇ ಹೆಸರಿನ ಸಂದೇಶಸಂಸ್ಥೆಯೊಂದು ಆ ಹೆಸರು ತನಗೆ ಬೇಕೆಂದಿತು, ಕೊಚುಲು ಒಲ್ಲೆನೆಂದರು, ಉಗ್ರಾಣದವರು ಹೆಸರನ್ನು ಸಂಸ್ಥೆಗೆ ಒಪ್ಪಿಸಿದರು. ಮನನೊಂದ ಕೊಚುಲು ತಮ್ಮ 273 ಬರಹಗಳನ್ನೂ ಉಗ್ರಾಣದಿಂದ ತೆಗೆದುಕೊಂಡು ಹೊರಟರು. ಅವುಗಳಲ್ಲಿ ಲೆಫ್ಟ್-ಪ್ಯಾಡ್ ಎಂಬುದೊಂದಿತ್ತು. ಅದರ ಗಾತ್ರ ಹನ್ನೊಂದು ಸಾಲು. ಅದರ ಘನಕಾರ್ಯವೇನೆಂದರೆ, ಅಕ್ಷರಗಳ ಅಥವಾ ಅಂಕಿಗಳ ಎಡಗಡೆಗೆ ಬೇಕಾದಷ್ಟು ಖಾಲಿ ಸ್ಥಳವನ್ನೋ ಸೊನ್ನೆಗಳನ್ನೋ ಸೇರಿಸಿ, ಎಲ್ಲವೂ ಒಂದೇ ಅಗಲಕ್ಕೆ ನಿಲ್ಲುವಂತೆ ಮಾಡುವುದು. ನಮ್ಮ ಒಂದನೆಯ ತರಗತಿಯ ಮಕ್ಕಳು ಬಿಡಿ, ಹತ್ತು, ನೂರುಗಳನ್ನು ಒಂದರ ಕೆಳಗೊಂದು ಬರೆಯುವಾಗ ಉಪಾಧ್ಯಾಯಿನಿಯ ಕಣ್ಣಿಗೆ ಹೆದರಿ ಇದೇ ಕೆಲಸವನ್ನು ಮಾಡುತ್ತಾರೆ.

ಈ ಹನ್ನೊಂದು ಸಾಲು ಇಲ್ಲವಾದೊಡನೆ ಅದನ್ನು ನೆಚ್ಚಿದ್ದ ಸಾವಿರಾರು ಕಟ್ಟೋಣದ ಕೆಲಸಗಳು ದೇಶದೇಶಗಳಲ್ಲಿ ನಿಂತವು. ನಿಂತವುಗಳ ಪೈಕಿ ಬಾಬೆಲ್ ಎಂಬ ಹೆಸರಿನ ಪ್ರಸಿದ್ಧ ಸಾಧನವೂ ಇತ್ತು. ಕಟ್ಟುವ ಕೆಲಸಕ್ಕೆ ಆ ಹೆಸರನ್ನು ಇಡುವವರು ಸ್ವಲ್ಪ ಯೋಚಿಸಬೇಕಾಗಿತ್ತು! ಸುಮಾರು ಎರಡು ಗಂಟೆಗಳಲ್ಲಿ ಉಗ್ರಾಣದವರು ಆ ಸಾಲುಗಳನ್ನು ಮರಳಿ ತಂದಿಟ್ಟರು. ಮುಂದೆ ಯಾರೂ ಹೀಗೆ ಸುಲಭವಾಗಿ ತೆಗೆದುಕೊಂಡು ಹೋಗದಂತೆ ನಿಯಮವನ್ನೂ ಬಿಗಿ ಮಾಡಿದರು. ಹನ್ನೊಂದು ಸಾಲನ್ನು ತಾವೇ ಬರೆದುಕೊಳ್ಳಲಾರದ ಪಂಡಿತರೆಂದು ಅನೇಕರು ನಕ್ಕರು. ನಗು ನ್ಯಾಯವಾದುದೇ. ಆದರೆ ಕಂಬ ಇರುವ ತನಕ ಅದರತ್ತ ತಿರುಗಿಯೂ ನೋಡದವರು, ಅದು ಹೋದ ದಿನ ಮಾತ್ರ ಕಂಬವೆಲ್ಲಿ ಎಂದು ಕೂಗಿದರೆಂಬುದು ಅದಕ್ಕಿಂತ ದೊಡ್ಡ ಹಾಸ್ಯ. ಅಮೆರಿಕದ ವ್ಯಂಗ್ಯಚಿತ್ರಕಾರ ರ್‍ಯಾಂಡಲ್ ಮನ್ರೋ 2020ರಲ್ಲಿ ಇದನ್ನೇ ಚಿತ್ರವಾಗಿ ಬರೆದರು. ಒಂದರ ಮೇಲೊಂದು ಪೇರಿಸಿದ ದಿಮ್ಮಿಗಳ ಮಹಾಗೋಪುರ. ಅದರ ಬುಡದ ಹತ್ತಿರ ಕಡ್ಡಿಯಂಥ ಒಂದು ತುಂಡು. ಆ ಕಡ್ಡಿಯನ್ನು ನೋಡಿಕೊಳ್ಳುವಾತ ನೆಬ್ರಾಸ್ಕ ಸಂಸ್ಥಾನದ ಯಾವನೋ ಅನಾಮಧೇಯ.

ಲೆಫ್ಟ್-ಪ್ಯಾಡಿನ ಪ್ರಸಂಗದಲ್ಲಿ ಕೆಲಸ ಕೆಟ್ಟಿತೇ ಹೊರತು ಯಾರ ಗುಟ್ಟೂ ಹೊರಬೀಳಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2014ರ ಏಪ್ರಿಲ್ 7ರಂದು ಪ್ರಕಟವಾದ ಹಾರ್ಟ್‌ಬ್ಲೀಡ್ ಎಂಬ ದೋಷವು ಹೆಚ್ಚು ಭಯಂಕರವಾದುದು. ನಾವು ಬ್ಯಾಂಕಿನ ವ್ಯವಹಾರವನ್ನು ಅಂತರ್ಜಾಲದಲ್ಲಿ ನಡೆಸುವಾಗ ಮಾತುಗಳನ್ನು ಗೂಢಲಿಪಿಗೆ ತಿರುಗಿಸಿ ಕಾಪಾಡುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬುದು ಬಹಳ ಪ್ರಚಾರದಲ್ಲಿರುವುದು. ಎರಡು ಯಂತ್ರಗಳು ಮಾತನಾಡುತ್ತಿರುವಾಗ, ಇನ್ನೊಂದು ಎಚ್ಚರವಾಗಿದೆಯೇ ಎಂದು ತಿಳಿಯಲು ಒಂದು ಶಬ್ದವನ್ನು ಕಳುಹಿಸಿ, ಇದು ಇಷ್ಟು ಅಕ್ಷರದ್ದು, ಮರಳಿ ಹೇಳು ಎಂದು ಕೇಳುವ ಪದ್ಧತಿ ಅದರಲ್ಲಿ ಉಂಟು. ಕಳ್ಳನು ಮೂರಕ್ಷರದ ಶಬ್ದವನ್ನು ಕಳುಹಿಸಿ ಅರುವತ್ತು ಸಾವಿರ ಅಕ್ಷರವೆಂದು ಹೇಳಿದರೆ, ಯಂತ್ರವು ಎಣಿಸಿ ನೋಡದೆ ಆ ಶಬ್ದವನ್ನೂ, ಅದರ ಪಕ್ಕದಲ್ಲಿ ತನ್ನ ನೆನಪಿನಲ್ಲಿದ್ದ ಉಳಿದ ಸಂಗತಿಗಳನ್ನೂ ಒಪ್ಪಿಸಿಬಿಡುತ್ತಿತ್ತು. ಪಾಸ್‌ವರ್ಡುಗಳೂ ಗೂಢಲಿಪಿಯ ಬೀಗದ ಕೈಗಳೂ ಹೀಗೆ ಹೊರಬರುವ ಸಂಭವವಿತ್ತು. ನೆರೆಮನೆಯಾಕೆ ಒಂದು ಹಿಡಿ ಅಕ್ಕಿ ಕೊಟ್ಟು, ನಾನು ಕೊಟ್ಟ ಮೂಟೆ ಅಕ್ಕಿಯನ್ನು ಹಿಂದಿರುಗಿಸು ಎಂದರೆ, ಹೊಸ ಸೊಸೆಯು ಸಂಕೋಚದಿಂದ ಕಣಜವನ್ನೇ ಬರಿದುಮಾಡಿ ಕೊಟ್ಟಂತೆ ಇದು!

ದೋಷವು ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತು. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಲೋಕದ ಅರ್ಧ ವ್ಯಾಪಾರವನ್ನು ಕಾಯುತ್ತಿದ್ದ ಆ ತಂತ್ರಾಂಶಕ್ಕೆ ಪೂರ್ಣ ಕಾಲ ದುಡಿಯುತ್ತಿದ್ದವನು ಒಬ್ಬನೇ. ಬರುತ್ತಿದ್ದ ದಾನವೋ ವರ್ಷಕ್ಕೆ ಸುಮಾರು 2,000 ಡಾಲರು. ದೋಷವು ಪ್ರಕಟವಾದ ಮೇಲೆ ದೊಡ್ಡ ಸಂಸ್ಥೆಗಳು ಸೇರಿ ಇಂಥ ಕೆಲಸಗಳಿಗೆ ಹಣ ಕೂಡಿಸಿದವೆಂಬುದನ್ನೂ ಹೇಳತಕ್ಕದ್ದು. ಆದರೂ ಕೆರೆ ಒಡೆದ ಮೇಲೆ ಏರಿಗೆ ಮಣ್ಣು ಹೊರುವುದಕ್ಕೆ ದೂರದೃಷ್ಟಿ ಎಂದು ಹೆಸರಿಡಲಾಗದು.

ಇದುವರೆಗೆ ಹೇಳಿದವು ಕೋಪದ ಮತ್ತು ಮರೆವಿನ ಕಥೆಗಳು. ಇನ್ನು ಹೇಳುವುದು ವಂಚನೆಯ ಕಥೆ. ನಮ್ಮೆಲ್ಲರ ನಡತೆಗೂ ಸಂಬಂಧಪಟ್ಟುದು. ಎಕ್ಸ್‌ಜೆಡ್ ಎಂಬುದು ದೊಡ್ಡ ಕಡತಗಳನ್ನು ಒತ್ತಿ ಮಡಿಸಿ ಸಣ್ಣ ಗಂಟಾಗಿ ಕಟ್ಟುವ ತಂತ್ರಾಂಶ. ಲಾಸೆ ಕಾಲಿನ್ ಎಂಬವರು ಅದನ್ನು ಬಹುಕಾಲದಿಂದ ಸಂಬಳವಿಲ್ಲದೆ ಸಾಕಿಕೊಂಡು ಬಂದಿದ್ದರು. 2021ರಲ್ಲಿ ಜಿಯಾ ಟ್ಯಾನ್ ಎಂಬ ಹೆಸರಿನವನೊಬ್ಬನು ಸಹಾಯಕ್ಕೆ ಬಂದನು. 2022ರಲ್ಲಿ ಹಿಂದೆಂದೂ ಕಾಣಿಸಿಕೊಳ್ಳದಿದ್ದ ಕೆಲವು ಹೆಸರುಗಳಿಂದ ಕಾಲಿನ್ನರಿಗೆ ಪತ್ರಗಳು ಬರತೊಡಗಿದವು. ಕೆಲಸ ಏಕೆ ಇಷ್ಟು ನಿಧಾನ, ನಿಮಗೆ ಆಸಕ್ತಿ ಹೋಗಿದ್ದರೆ ಬೇರೆಯವರಿಗೆ ಒಪ್ಪಿಸಬಾರದೆ ಎಂಬುದೇ ಅವುಗಳ ತಾತ್ಪರ್ಯ. ತಮ್ಮ ಮನಸ್ಸಿನ ಆರೋಗ್ಯವು ಬಹಳ ಕಾಲದಿಂದ ಸರಿಯಿಲ್ಲವೆಂದೂ, ಇದು ಕೂಲಿಯಿಲ್ಲದ ಹವ್ಯಾಸದ ಕೆಲಸವೆಂದೂ ಕಾಲಿನ್ ಸೌಮ್ಯವಾಗಿಯೇ ಉತ್ತರ ಬರೆದರು. ಒತ್ತಾಯ ನಿಲ್ಲಲಿಲ್ಲ. ಕಡೆಗೆ, ಸದಾ ವಿನಯದಿಂದ ದುಡಿಯುತ್ತಿದ್ದ ಜಿಯಾ ಟ್ಯಾನನ ಕೈಗೆ ಅಧಿಕಾರವು ಹಂತಹಂತವಾಗಿ ಬಂದಿತು.

ವಿನಯವು ವೇಷವಾಗಿತ್ತು, ಆ ಪತ್ರಗಳೂ ಸಂಚಿನ ಅಂಗವೇ ಎಂದು ಬಲವಾದ ಶಂಕೆಯಿದೆ. 2024ರ ಆರಂಭದಲ್ಲಿ ಹೊರಬಂದ ಎಕ್ಸ್‌ಜೆಡ್‌ನ ಎರಡು ಹೊಸ ಆವೃತ್ತಿಗಳಲ್ಲಿ, ಪರೀಕ್ಷೆಗೆಂದು ಇಟ್ಟ ಕಡತಗಳ ಒಳಗೆ ಕಳ್ಳಬಾಗಿಲೊಂದು ಅಡಗಿತ್ತು. ದೂರದ ಯಂತ್ರಗಳನ್ನು ಆಳುವವರು ಎಸ್‌ಎಸ್‌ಎಚ್ ಎಂಬ ಬಾಗಿಲಿನಿಂದ ಒಳಹೋಗುತ್ತಾರೆ. ಕೆಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಆ ಬಾಗಿಲು ಆಗ ಬಳಸುದಾರಿಯಾಗಿ ಎಕ್ಸ್‌ಜೆಡ್ಡನ್ನೂ ಆಶ್ರಯಿಸುತ್ತಿತ್ತು. ಗುಪ್ತವಾದ ಕೀಲಿಯೊಂದನ್ನು ಹೊಂದಿದವನು ಅಂಥ ಯಂತ್ರಗಳ ಒಡೆಯನಾಗುವಂತೆ ಹೂಟ ಹೂಡಲಾಗಿತ್ತು. ಪರೀಕ್ಷೆಗಾಗಿ ಹೊರಡಿಸಿದ ಕೆಲವು ವ್ಯವಸ್ಥೆಗಳಿಗೆ ಅದು ಆಗಲೇ ಸೇರಿತ್ತು. ಇನ್ನು ಕೆಲವು ತಿಂಗಳು ಕಳೆದಿದ್ದರೆ ಜಗತ್ತಿನ ಅಸಂಖ್ಯಾತ ಯಂತ್ರಗಳಿಗೆ ಹಬ್ಬುತ್ತಿತ್ತು.

ಆಗ ನಡೆದ ಸಂಗತಿಯನ್ನು ಗಮನವಿಟ್ಟು ಕೇಳಿರಿ. ಆಂಡ್ರೆಸ್ ಫ್ರಾಯಿಂಡ್ ಎಂಬ ಮೈಕ್ರೋಸಾಫ್ಟ್ ಸಂಸ್ಥೆಯ ಎಂಜಿನಿಯರರು ಬೇರೊಂದು ತಂತ್ರಾಂಶದ ವೇಗವನ್ನು ಅಳೆಯುತ್ತಿದ್ದರು. ಎಸ್‌ಎಸ್‌ಎಚ್ ಬಾಗಿಲು ತೆರೆಯುವುದಕ್ಕೆ ಎಂದಿಗಿಂತ ಅರೆ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ಅವರ ಲಕ್ಷ್ಯಕ್ಕೆ ಬಂದಿತು. ಅರೆ ಸೆಕೆಂಡು! ನಾವಾಗಿದ್ದರೆ ಯಂತ್ರಕ್ಕೆ ವಯಸ್ಸಾಯಿತೆಂದು ಹೇಳಿ ಕಾಫಿಗೆ ಎದ್ದು ಹೋಗುತ್ತಿದ್ದೆವು. ಅವರಾದರೋ ಎಳೆ ಹಿಡಿದು ಹೋಗಿ ಕಳ್ಳಬಾಗಿಲನ್ನೇ ಕಂಡುಹಿಡಿದರು. 2024ರ ಮಾರ್ಚ್ 29ರಂದು, ಅದು ಶುಭ ಶುಕ್ರವಾರವಾಗಿತ್ತು, ಎಲ್ಲರಿಗೂ ಬಹಿರಂಗವಾಗಿ ಎಚ್ಚರಿಕೆಯನ್ನು ಕೊಟ್ಟರು. ದುಷ್ಟ ಆವೃತ್ತಿಗಳನ್ನು ತಡವಿಲ್ಲದೆ ತೆಗೆದುಹಾಕಲಾಯಿತು.

ಎಲ್ಲರಿಗೂ ತೆರೆದಿಟ್ಟರೆ ಕಳ್ಳನೂ ಬರುವನಲ್ಲವೆ, ಹಣ ಕೊಟ್ಟು ಕೊಳ್ಳುವುದೇ ಲೇಸಲ್ಲವೆ ಎಂದು ಕೆಲವರು ಕೇಳಬಹುದು. ಕಳ್ಳನು ಬಂದದ್ದು ನಿಜ. ಆದರೆ ತೆರೆದಿಟ್ಟಿದ್ದರಿಂದಲೇ ಫ್ರಾಯಿಂಡರು ಒಳಹೊಕ್ಕು ನೋಡಲು ಸಾಧ್ಯವಾಯಿತು. ಹಣ ಕೊಟ್ಟು ಕೊಂಡ ಸರಕಿನ ವಿಷಯಕ್ಕೆ ಬಂದರೆ, ಅದೇ ವರ್ಷದ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾಸಂಸ್ಥೆಯು ಕಳುಹಿಸಿದ ದೋಷಯುಕ್ತವಾದ ಒಂದು ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮೂರ್ಛೆಹೋದವು. ವಿಮಾನಗಳು ನಿಂತವು, ಭಾರತದ ಕೆಲವು ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಕಾಪಿ ಬರೆಯುವುದು ಈ ಕಾಲದಲ್ಲಿ ವ್ಯರ್ಥವೆನ್ನುವ ಬಾಲಿಕೆಯರಿಗೆ ಈ ಸಂಗತಿಯನ್ನು ಅವಶ್ಯವಾಗಿ ತಿಳಿಸಬೇಕು. ಅಂತೂ ಬೆಲೆಯು ದೋಷವನ್ನು ತಡೆಯದು. ನೋಡುವ ಕಣ್ಣು ತಡೆದೀತು.

ಎಕ್ಸ್‌ಜೆಡ್ಡಿನ ಕಥೆಯಲ್ಲಿ ನನಗೆ ಮುಖ್ಯವಾಗಿ ತೋರುವುದು ಕಳ್ಳನ ಜಾಣ್ಮೆಯಲ್ಲ, ಅವನು ಆರಿಸಿಕೊಂಡ ಆಯುಧ. ದಣಿದ ಒಬ್ಬ ಉಪಕಾರಿಯನ್ನು ಅವಸರದ ಮಾತುಗಳಿಂದ ಕುಗ್ಗಿಸುವುದೇ ಆ ಆಯುಧ. ಆ ಪತ್ರಗಳು ಯಾರಿಗೂ ವಿಚಿತ್ರವೆಂದು ತೋರಲಿಲ್ಲ. ಏಕೆಂದರೆ ಅಂತರ್ಜಾಲದಲ್ಲಿ ಪುಕ್ಕಟೆ ಪಡೆದವರು ಕೊಟ್ಟವರನ್ನು ಗದರಿಸುವುದು ದಿನನಿತ್ಯದ ಮಾತಾಗಿದೆ. ಕಳ್ಳನು ನಮ್ಮ ಹೊಲದಲ್ಲಿ ಬೆಳೆದ ಕಳೆಯ ಮರೆಯಲ್ಲಿ ಅಡಗಿ ಬಂದನು. ಆದಕಾರಣ ಸೌಜನ್ಯವು ಬರಿಯ ಒಳ್ಳೆಯ ನಡತೆಯಲ್ಲ, ಅದೊಂದು ಕಾವಲು ಎಂದೇ ನಾವು ಎಣಿಸತಕ್ಕದ್ದು.

ಇಂಥ ಉಪಕಾರಿಗಳು ನಮ್ಮ ನಾಡಿನಲ್ಲಿಯೂ ಉಂಟು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಕೀಲಿಗಳಲ್ಲಿಯೇ ಕನ್ನಡವೆಲ್ಲವನ್ನೂ ಬೆರಳಚ್ಚು ಮಾಡಬಹುದಾದ ವಿನ್ಯಾಸವನ್ನು ಮಂಗಳೂರಿನ ಕಡೆಯ ಕೆ. ಪಿ. ರಾವ್ ಅವರು ರೂಪಿಸಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಕರ್ನಾಟಕ ಸರಕಾರವು ಅದನ್ನು ಅಂಗೀಕರಿಸಿತು. ನುಡಿ ತಂತ್ರಾಂಶದಲ್ಲಿ ಇರುವುದೂ ಅದೇ. ಕನ್ನಡದಲ್ಲಿ ಪತ್ರ ಬರೆಯುವ ನಮ್ಮಲ್ಲಿ ಎಷ್ಟು ಮಂದಿ ಆ ಹೆಸರನ್ನು ಬಲ್ಲೆವು?

ಹಾಗಾದರೆ ನಮ್ಮಂಥವರು ಮಾಡಬಹುದಾದುದೇನು? ತಂತ್ರಾಂಶದ ಹೊಸ ತಿದ್ದುಪಡಿ ಬಂದಿದೆಯೆಂದು ಫೋನು ತಿಳಿಸಿದಾಗ ನಾಳೆಗೆ ತಳ್ಳದಿರುವುದು. ಯಾರೋ ರಾತ್ರಿಯೆಲ್ಲ ಕುಳಿತು ಮುಚ್ಚಿದ ಕಂಡಿಯನ್ನು ನಾವು ಆಲಸ್ಯದಿಂದ ತೆರೆದಿಡಬಾರದು. ದೋಷ ಕಂಡರೆ ಬೈಯುವುದರ ಬದಲು, ನಾವು ಏನು ಮಾಡಿದೆವು, ಏನಾಯಿತು, ಯಾವ ಯಂತ್ರದಲ್ಲಿ ಆಯಿತು ಎಂಬ ಮೂರು ಸಂಗತಿಗಳನ್ನು ಮರ್ಯಾದೆಯಿಂದ ಬರೆಯುವುದು. ಕೈಲಾದವರು ಅಲ್ಪ ಧನವನ್ನೋ, ಕನ್ನಡದ ಅನುವಾದವನ್ನೋ, ಕನ್ನಡ ವಿಕಿಪೀಡಿಯಕ್ಕೆ ಒಂದು ಪುಟವನ್ನೋ ಕೊಡುವುದು. ಎಲ್ಲಕ್ಕಿಂತ ಮಿಗಿಲಾಗಿ, ಲೆಕ್ಕದಲ್ಲಿ ಒಂದು ಪೈ ಹೆಚ್ಚು ಬಂದರೂ ಏಕೆ ಬಂತೆಂದು ಕೇಳುವ ಹುಡುಗಿಯನ್ನು ಮೊಂಡಳೆಂದು ಗದರಿಸದಿರುವುದು. ಅರೆ ಸೆಕೆಂಡಿನ ವಿಳಂಬವನ್ನು ಕಂಡು ಸುಮ್ಮನಿರಲಾರದ ಮನಸ್ಸು ಅಂಥ ಮಕ್ಕಳಲ್ಲಿಯೇ ಬೆಳೆಯುವುದು.

ಧರ್ಮದ ದಟ್ಟಿಗೆ ಮೊಳ ಹಾಕಲೇಬಾರದೆಂದು ನಾನು ಹೇಳುವುದಿಲ್ಲ. ಫ್ರಾಯಿಂಡರು ಮಾಡಿದ್ದೂ ಅಳೆಯುವ ಕೆಲಸವೇ. ಹಿತ್ತಲಿನಲ್ಲಿ ಗೊಣಗುತ್ತ ಅಳೆಯುವ ಬದಲು ಅಂಗಳದಲ್ಲಿ ಎಲ್ಲರಿಗೂ ಕಾಣುವಂತೆ ಅಳೆಯೋಣ; ಹರಿದ ಕಡೆ ತೋರಿಸೋಣ; ನಮ್ಮ ಮನೆಯ ನೂಲು ಒಂದೆರಡು ಎಳೆಯಾದರೂ ಇದ್ದರೆ ನೇಯುವವರ ಕೈಗೆ ಕೊಡೋಣ.