ಕಾರಿಗೆ ದುಬಾರಿ ಸ್ಟೀರಿಯೋ: ಕೊಟ್ಟ ಹಣಕ್ಕೆ ತಕ್ಕ ಫಲವಿದೆಯೇ?

ಕಾರು ಮನೆಗೆ ಬಂದ ವಾರದೊಳಗೇ ಅನೇಕ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಕಂಪೆನಿಯ ಸ್ಪೀಕರ್ ಸಾಲದು, ಆಂಪ್ಲಿಫೈಯರ್ ಬೇಕು, ಡಿಕ್ಕಿಯಲ್ಲಿ ಸಬ್‌ವೂಫರ್ ಇರಲೇಬೇಕು ಎನ್ನುತ್ತಾನೆ ಮಗ. ಅಷ್ಟೊಂದು ಹಣ ಯಾಕಪ್ಪಾ ಎನ್ನುತ್ತಾರೆ ತಂದೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಅಂಗಡಿಗೆ ಹೋಗುವ ಮುನ್ನ ಕೆಲವು ಸಂಗತಿಗಳನ್ನು ನೀವು ತಿಳಿದಿರುವುದು ಒಳ್ಳೆಯದು.

ವ್ಯಾಟ್‌ನ ಲೆಕ್ಕ

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘1000 ವ್ಯಾಟ್’ ಎಂದು ಬರೆದಿರುತ್ತದೆ. ಅದು ಕ್ಷಣಮಾತ್ರದ ಗರಿಷ್ಠ ಮಿತಿ. ನೀವು ನೋಡಬೇಕಾದದ್ದು ‘ಆರ್‌ಎಂಎಸ್’ ಎಂಬ ಸಣ್ಣ ಅಕ್ಷರದ ಸಂಖ್ಯೆ. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ ಸುಮಾರು 14 ವೋಲ್ಟ್ ಮಾತ್ರ. ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದ ಸಾಮಾನ್ಯ ಸ್ಟೀರಿಯೋದಿಂದ ಒಂದು 4 ಓಮ್ ಸ್ಪೀಕರ್‌ಗೆ ಸಿಗುವುದು 20 ವ್ಯಾಟ್‌ನ ಆಸುಪಾಸು. ಮೇಲೆ ‘50 ವ್ಯಾಟ್’ ಎಂದು ಬರೆದಿದ್ದರೂ ಅಷ್ಟೇ.

ಇನ್ನೊಂದು ವಿಷಯ ಗಮನಿಸಿ. ವ್ಯಾಟ್ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗುವುದಿಲ್ಲ. ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾದರೆ 50ರಿಂದ 100 ವ್ಯಾಟ್‌ಗೆ ಏರಲು ಕೊಡುವ ಹಣದಿಂದ ಸಿಗುವುದೆಷ್ಟು? ನೀವೇ ಲೆಕ್ಕ ಹಾಕಿ.

ಅಂಗಡಿ ಬೇರೆ, ರಸ್ತೆ ಬೇರೆ

ಅಂಗಡಿಯಲ್ಲಿ, ನಿಂತ ಕಾರಿನಲ್ಲಿ ದುಬಾರಿ ಸ್ಪೀಕರ್ ಬಹಳ ಇಂಪಾಗಿ ಕೇಳುತ್ತದೆ, ನಿಜ. ಆದರೆ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಟಯರ್, ಗಾಳಿ, ಎಂಜಿನ್‌ಗಳ ಸದ್ದೇ ಕಾರಿನೊಳಗೆ ಮಾತಿನ ಸದ್ದನ್ನು ಮೀರಿರುತ್ತದೆ. ನೀವು ಹೆಚ್ಚು ಹಣ ಕೊಟ್ಟು ಪಡೆದ ಸೂಕ್ಷ್ಮ ಸ್ವರಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಆದ್ದರಿಂದ ಮೊದಲ ಖರ್ಚು ಮುಂದಿನ ಬಾಗಿಲಿನ ಒಂದು ಜೊತೆ ಒಳ್ಳೆಯ ಸ್ಪೀಕರ್‌ಗೆ ಇರಲಿ. ಎರಡನೆಯದು ಬಾಗಿಲಿನ ತಗಡಿನ ಒಳಗೆ ಅಂಟಿಸುವ, ನಡುಕ ತಡೆಯುವ ಶೀಟಿಗೆ. ವ್ಯತ್ಯಾಸ ನಿಮಗೆ ಸ್ಪಷ್ಟವಾಗಿ ತಿಳಿಯುವುದು ಇಲ್ಲಿಯೇ. ಇದಾದ ಮೇಲೆಯೂ ಸಾಲದೆನಿಸಿದರೆ ಸಣ್ಣ ಆಂಪ್ಲಿಫೈಯರ್. ಅಲ್ಲಿಂದ ಮುಂದೆ ಬೆಲೆ ಬೇಗ ಏರುತ್ತದೆ, ಲಾಭ ಕಡಿಮೆಯಾಗುತ್ತದೆ.

ಕಾರಿನ ಮೂಲ ವೈರ್ ಕತ್ತರಿಸಿದರೆ ವಾರಂಟಿಗೆ ತೊಂದರೆಯಾಗಬಹುದು. ಕತ್ತರಿಸದೆ ಜೋಡಿಸುವ ಕಪ್ಲರ್ ಕೇಳಿ ಪಡೆಯಿರಿ. ಹೊರಗಿನಿಂದ ಹಾಕಿಸಿದ ಉಪಕರಣವನ್ನು ವಿಮೆಯಲ್ಲಿ ನಮೂದಿಸದಿದ್ದರೆ ಕಳವಾದಾಗ ಅದರ ಪರಿಹಾರ ಸಿಗುವುದು ಕಷ್ಟ.

ಕಿವಿಗೆ ಬಿಡಿಭಾಗವಿಲ್ಲ

ಬೆಲೆಯ ಲೆಕ್ಕದಲ್ಲಿ ಕಿವಿಯನ್ನು ಸೇರಿಸುವವರು ಕಡಿಮೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದೆಂದು ತಜ್ಞರು ಹೇಳುತ್ತಾರೆ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಆದರೆ ಕೇವಲ 15 ನಿಮಿಷ! ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಿಂದಿನ ಸೀಟಿನಲ್ಲಿ, ಸಬ್‌ವೂಫರ್‌ಗೆ ತೀರ ಹತ್ತಿರ ಕೂರುವವರು ಸಾಮಾನ್ಯವಾಗಿ ಮಕ್ಕಳೇ ಎಂಬುದನ್ನು ಮರೆಯಬೇಡಿ.

1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಕಿವಿಯಲ್ಲಿ ಗುಂಯ್‌ಗುಡುವಿಕೆ, ಮಾತು ಅಸ್ಪಷ್ಟವಾಗಿ ಕೇಳಿಸುವುದು ಇತ್ಯಾದಿ ಕಂಡರೆ ಅಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬಹುದು.

ನೆರೆಮನೆಯವರ ಹಕ್ಕನ್ನೂ ಲೆಕ್ಕಕ್ಕೆ ಹಿಡಿಯಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರ ನಂತರ 45 ಡೆಸಿಬೆಲ್. ಮಂಡಿ ಮೊಹಲ್ಲಾದಂತಹ ಇಕ್ಕಟ್ಟಿನ ಬೀದಿಗಳಲ್ಲಿ ಕಾರಿನ ಗಾಜು ಏರಿಸಿದರೂ ಸಬ್‌ವೂಫರ್‌ನ ಗುಡುಗು ಗೋಡೆ ದಾಟಿ ಹೋಗುತ್ತದೆ. ಒಳಗೆ ರೋಗಿಯೋ, ಆಗತಾನೇ ಮಲಗಿದ ಮಗುವೋ ಇರಬಹುದು.

ಹಾಗಾದರೆ ಖರೀದಿಸಬಾರದೇ? ಖರೀದಿಸಬಹುದು. ಮೊದಲು ನಿಮಗೆ ಪರಿಚಿತವಾದ ಧ್ವನಿಮುದ್ರಣವನ್ನು ಜೊತೆಯಲ್ಲಿ ಒಯ್ಯಿರಿ. ಬೆಲೆ ಹೇಳದೆ ಎರಡು ಜೊತೆ ಸ್ಪೀಕರ್‌ಗಳಲ್ಲಿ ಅದನ್ನು ಒಂದೇ ಮಟ್ಟದ ಸದ್ದಿನಲ್ಲಿ ಕೇಳಿಸಲು ಅಂಗಡಿಯವರಿಗೆ ಹೇಳಿ. ವ್ಯತ್ಯಾಸ ತಿಳಿಯದಿದ್ದರೆ ಕಡಿಮೆ ಬೆಲೆಯದನ್ನೇ ತನ್ನಿ. ಉಳಿದ ಹಣದಲ್ಲಿ ಸವೆದ ಟಯರ್ ಬದಲಾಯಿಸಿ. ಕುಟುಂಬವೆಲ್ಲಾ ಕೂರುವುದು ಅದೇ ಕಾರಿನಲ್ಲಿ ತಾನೆ?