ಪ್ರಪಾತದಂಚಿನ ಕಾಲುದಾರಿ

ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿರುವ ವೇಲ್ಸ್ ಬೆಟ್ಟಗುಡ್ಡಗಳ ನಾಡು. ಅದರ ವಾಯವ್ಯದಲ್ಲಿ, 893 ಮೀಟರ್ ಎತ್ತರದ ಕೇಡರ್ ಇದ್ರಿಸ್ ಪರ್ವತದ ತಪ್ಪಲಿನಲ್ಲಿ, ಡೊಲ್ಗೆಲ್ಲೈ ಎಂಬ ಸಂತೆಯ ಊರಿದೆ. ಕಪ್ಪುಬೂದು ಕಲ್ಲಿನ ಗೋಡೆ, ಸ್ಲೇಟಿನ ಮಾಡುಗಳ ಈ ಊರು ಒಂದು ಕಾಲದಲ್ಲಿ ಉಣ್ಣೆಯ ಬಟ್ಟೆಗೆ ಹೆಸರಾಗಿತ್ತು. ಊರಿನ ಉತ್ತರಕ್ಕೆ ಕೆಲವೇ ಕಿಲೋಮೀಟರು ದೂರದ ಒಂದು ಗುಡ್ಡವನ್ನು ಸುತ್ತಿಬರುವ ಕಾಲುದಾರಿಗೆ 'ಪ್ರಪಾತದ ನಡಿಗೆ' ಎಂದು ಹೆಸರು.

ಹೆಸರು ಹೆದರಿಸುವಷ್ಟು ದಾರಿ ಹೆದರಿಸದು. ಸಮುದ್ರಮಟ್ಟದಿಂದ ಸುಮಾರು 240 ಮೀಟರ್ ಎತ್ತರದಲ್ಲಿ, ಬೆಟ್ಟದ ಸೊಂಟಕ್ಕೆ ಕಟ್ಟಿದ ಉಡಿದಾರದಂತೆ ಅದು ಬಹುಮಟ್ಟಿಗೆ ಸಮತಲವಾಗಿ ಸಾಗುತ್ತದೆ. ಒಟ್ಟು ಉದ್ದ ಸುಮಾರು 5 ಕಿಲೋಮೀಟರು. ಆದರೆ ಪಶ್ಚಿಮದ ಮಗ್ಗುಲಲ್ಲಿ ಹಾದಿ ಕಿರಿದಾಗುತ್ತದೆ. ಒಂದು ಕಡೆ ಗುಡ್ಡದ ಮೈ, ಇನ್ನೊಂದು ಕಡೆ ನೇರ ಇಳಿಜಾರು. ಹಿಮಯುಗದಲ್ಲಿ ಹಿಮನದಿಗಳು ಈ ಕಣಿವೆಗಳನ್ನು ಕೊರೆದು ಆಳಗೊಳಿಸಿದುದರಿಂದಲೇ ಅವುಗಳ ಪಕ್ಕಗಳು ಇಷ್ಟು ಕಡಿದಾಗಿವೆ.

ಗುಡ್ಡದ ಹೆಸರು ಫೋಯಲ್ ಕಿನುಖ್. ಫೋಯಲ್ ಎಂದರೆ ವೆಲ್ಷ್ ಭಾಷೆಯಲ್ಲಿ ಬೋಳುಗುಡ್ಡ. ಅದನ್ನು ಎಡಕ್ಕಿಟ್ಟುಕೊಂಡು ಸುತ್ತುವವರಿಗೆ ನೋಟಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಮೊದಲು ಉತ್ತರದಲ್ಲಿ 'ರಾಜನ ಕಾಡು' ಎಂಬ ಅರ್ಥದ ಕೋಯ್ಡ್ ಅ ಬ್ರೆನಿನ್ ಅರಣ್ಯ. 1935ರಲ್ಲಿ ಐದನೆಯ ಜಾರ್ಜ್ ದೊರೆಯ ರಜತೋತ್ಸವದ ನೆನಪಿಗೆ ಇಟ್ಟ ಹೆಸರದು. ಬಳಿಕ ಕಾಲಡಿಯಲ್ಲೇ ಎಂಬಂತೆ ಮೌದಖ್ ನದಿಯ ಕಣಿವೆ. ದಾರಿ ದಕ್ಷಿಣಕ್ಕೆ ತಿರುಗಿದಾಗ ಆ ನದಿ ಸಮುದ್ರವನ್ನು ಸೇರುವ ಅಳಿವೆ ಕಣ್ಣಿಗೆ ಬೀಳುತ್ತದೆ. ಭರತದ ವೇಳೆ ಅದು ನೀರಿನ ಹಾಳೆ. ಇಳಿತದ ವೇಳೆ ಮರಳಿನ ನಡುವೆ ಹರಿಯುವ ಬೆಳ್ಳಿಯ ಗೆರೆಗಳು. ಇಡೀ ಸುತ್ತಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ ಇದೇ. ಕೊನೆಗೆ ದಾರಿ ಕಿನುಖ್ ಸರೋವರದ ದಡಕ್ಕೆ ಇಳಿಯುತ್ತದೆ.

ಈ ನೆಲವೆಲ್ಲ ನನ್ನೈ ಎಂಬ ಹಳೆಯ ಜಮೀನಿಗೆ ಸೇರಿದುದು. ಹದಿನೈದನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ದೊರೆಯ ವಿರುದ್ಧ ದಂಗೆಯೆದ್ದ ಓವೈನ್ ಗ್ಲಿಂಡೂರ್‌ನನ್ನು ನನ್ನೈಯ ಒಡೆಯನೂ ಅವನ ದಾಯಾದಿಯೂ ಆದ ಹೌವೆಲ್ ಸೇಲೆ ಬೇಟೆಯ ನೆಪದಲ್ಲಿ ಬಾಣ ಬಿಟ್ಟು ಕೊಲ್ಲಲು ಯತ್ನಿಸಿದನೆಂದೂ, ಒಳಗೆ ತೊಟ್ಟ ಕವಚದಿಂದ ಓವೈನ್ ಬದುಕಿದನೆಂದೂ, ಹೌವೆಲ್‌ನ ಶವ ಇಲ್ಲಿನ ಪೊಳ್ಳು ಓಕ್ ಮರದಲ್ಲಿ ಅಡಗಿತೆಂದೂ ಐತಿಹ್ಯವಿದೆ. ಆ ಮರ 1813ರಲ್ಲಿ ಉರುಳಿತು.

ಹಾಗಾದರೆ ಪರರ ನೆಲದಲ್ಲಿ ಜನ ನಡೆಯುವುದು ಹೇಗೆ? ಬ್ರಿಟನ್ನಿನಲ್ಲಿ ಅನೇಕ ಕಾಲುದಾರಿಗಳು ಸಾರ್ವಜನಿಕರ ಹಕ್ಕಿನವು. ಅವು ಖಾಸಗಿ ಹೊಲವನ್ನು ಹಾಯ್ದರೂ ಒಡೆಯನು ಅಡ್ಡಗಟ್ಟುವಂತಿಲ್ಲ. ಇಂಥ ದಾರಿಗಳನ್ನು ನಕ್ಷೆಯಲ್ಲಿ ದಾಖಲಿಸಬೇಕೆಂದು 1949ರ ಕಾಯಿದೆ ವಿಧಿಸಿತು. ಪ್ರಪಾತದ ನಡಿಗೆ ಆ ಬಗೆಯದಲ್ಲ. 1890ರಲ್ಲಿ ನನ್ನೈಯ ಒಡೆಯರು ತಾವಾಗಿ ಜನರಿಗೆ ಇದನ್ನು ತೆರೆದರು. ಅನುಮತಿಯ ದಾರಿಯನ್ನು ಒಡೆಯನು ಮನಸ್ಸು ಮಾಡಿದರೆ ಮುಚ್ಚಬಹುದು. ಆದುದರಿಂದ ಇಲ್ಲಿ ನಡೆಯುವವರು ನಾಯಿಯನ್ನು ಹಗ್ಗದಲ್ಲಿ ಹಿಡಿದೇ ಸಾಗಬೇಕು. ಕುರಿಗಳು ಮೇಯುವ ಹೊಲದ ಗೇಟನ್ನು ದಾಟಿದೊಡನೆ ಹಿಂದಿರುಗಿ ಮುಚ್ಚಬೇಕು.