43ರಲ್ಲಿ ಬೋಪಣ್ಣ ಗೆದ್ದ ಡಬಲ್ಸ್

ಟೆನಿಸ್ ಡಬಲ್ಸ್ ನೋಡಿದ್ದೀರಾ? ಅಂಕಣದ ಅಗಲ ಸಿಂಗಲ್ಸ್‌ನ 27 ಅಡಿಯಿಂದ 36 ಅಡಿಗೆ ಹಿಗ್ಗುತ್ತದೆ. ನೆಟ್ ಹತ್ತಿರ ಕೈ ಚುರುಕಿರಬೇಕು, ಜೊತೆಗಾರನ ಮೇಲೆ ನಂಬಿಕೆ ಇರಬೇಕು.

ಕೊಡಗಿನ ರೋಹನ್ ಬೋಪಣ್ಣ 2010, 2023ರ ಅಮೆರಿಕನ್ ಓಪನ್ ಪುರುಷರ ಡಬಲ್ಸ್ ಫೈನಲ್‌ಗಳಲ್ಲಿ ಸೋತಿದ್ದರು. ಮೊಣಕಾಲು ಸವೆದಾಗ ಅಯ್ಯಂಗಾರ್ ಯೋಗ ಕೈಹಿಡಿಯಿತು.

2024ರ ಜನವರಿ 27, ಮೆಲ್ಬರ್ನ್, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಫೈನಲ್. ಜೊತೆಗೆ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್, ಎದುರಿಗೆ ಇಟಲಿಯ ಬೊಲೆಲ್ಲಿ ಮತ್ತು ವಾವಸೋರಿ. ಮೊದಲ ಸೆಟ್ 6-6. ಟೈಬ್ರೇಕರ್‌ನಲ್ಲಿ ಎದುರಾಳಿಗೆ ಒಂದೇ ಒಂದು ಪಾಯಿಂಟ್ ಬಿಡಲಿಲ್ಲ, 7-0! ನನ್ನ ಪಾಲಿಗೆ ಇಡೀ ಪಂದ್ಯದ ಜೀವ ಅಲ್ಲೇ ಇದೆ. ಎರಡನೇ ಸೆಟ್ 7-5.

ಮುಕ್ತ ಯುಗದಲ್ಲಿ ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್ ಗೆದ್ದವರಲ್ಲೇ ಅಂದು ಅತಿ ಹಿರಿಯ, 43ರ ನಮ್ಮ ಬೋಪಣ್ಣ. ಮುಂದಿನ ಸೋಮವಾರವೇ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಪಟ್ಟವೂ ಬಂತು.